ಸಿನಿಮಾದವರು ಬಿಟ್ಟ ಅರ್ಧ

ಮೋಕ್ಷಿತ್ ತೆಂಗಿನ ಮರದ ತುದಿಯಲ್ಲಿ ಕೂತಿದ್ದ. ಗಾನವಿ ಮದುವೆಗೆ ಒಪ್ಪುವವರೆಗೂ ಇಳಿಯುವುದಿಲ್ಲ, ಒಪ್ಪದಿದ್ದರೆ ಅಲ್ಲಿಂದಲೇ ಹಾರುತ್ತೇನೆ ಎಂದು ಕೂಗುತ್ತಿದ್ದ. ಮರ ಗಾನವಿಯ ಮನೆಯ ಮುಂದಿನದೇ. ಬಿಳಿಗೆರೆಯ ಅರ್ಧ ಊರು ಕೆಳಗೆ ನೆರೆದು ಫೋನುಗಳನ್ನು ಮೇಲಕ್ಕೆತ್ತಿ ಹಿಡಿದಿತ್ತು. ತಿಪಟೂರಿನ ಬಸ್ಸಿಗೆಂದು ಚೀಲ ಹಾಕಿಕೊಂಡು ಹೊರಟಿದ್ದ ಗಾನವಿ ಜಗಲಿಯಲ್ಲೇ ಸಿಕ್ಕಿಬಿದ್ದಿದ್ದಳು. ಮಧ್ಯಾಹ್ನ ಅವಳಿಗೆ ಬಿ.ಎ. ಕೊನೆಯ ಪರೀಕ್ಷೆ.

"ಆ ಇಂಗ್ಲಿಷ್ ಪಿಚ್ಚರ್‌ನಾಗೂ ಹಿಂಗೇ ಕಣಪ್ಪ," ಎಂದರು ಮೋಕ್ಷಿತನ ತಾತ ಶಂಭುಲಿಂಗಯ್ಯ. "ಗುಡ್ಡದ್ ಮೇಲೆ ಹಳೇ ಬಂಗಲೆ. ಗಾಳಿ, ಗುಡುಗು. ಅವ್ನು ಗೋಪುರ ಹತ್ತಿ ನಿಂತ್ಕತಾನೆ. ಅವ್ಳು ಹ್ಞೂಂ ಅಂತಾಳೆ. ಮಳೆ ನಿಂತೋಯ್ತದೆ. ಕಾಲೇಜಲ್ಲಿ ಇವ್ರ ಪಾಠಕ್ಕೆ ಇಟ್ಟವ್ರಲ್ಲ, ಅದೇ ಕತೆ. ಕಪ್ಪು ಬಿಳುಪಿಂದು, ಕಲರಿಂದು, ಈಗ ಬಂದಿರೋ ಹೊಸದು, ಎಲ್ಲಾನೂ ನಮ್ಮುಡುಗ ನೋಡವ್ನೆ. ಎಲ್ಲದ್ರಲ್ಲೂ ಕೊನೀಗೆ ಹ್ಞೂಂ ಅಂತಾಳಂತೆ."

"ಅದು ಕೊನೆ ಅಲ್ಲ ತಾತ." ಗಾನವಿ ಜಗಲಿಯಿಂದಲೇ ಸಿಡುಕಿದಳು. "ಪುಸ್ತಕದಲ್ಲಿ ಅದು ಬರೀ ಅರ್ಧ. ಸಿನಿಮಾದೋರೆಲ್ಲ ಅಲ್ಲಿಗೇ ನಿಲ್ಸಿಬಿಟ್ಟವ್ರೆ. ಮದ್ವೆ ಆದ್ಮೇಲೆ ಅವ್ಳು ಏನ್ ಕೇಳಿದ್ರೂ ಅವ್ನು ಮತ್ತೆ ಗೋಪುರ ಹತ್ತುತಾನೆ. ಸಾಯೋಗಂಟ ಅವ್ಳದು ಅದೇ ಗೋಳು."

"ಪುಸ್ತಕ ಯಾರವ್ವ ಓದ್ತಾರೆ!" ಶಂಭುಲಿಂಗಯ್ಯ ಅಂದಿದ್ದಕ್ಕೆ ಜನ ನಕ್ಕರು.

ಗಾನವಿಯ ಅಪ್ಪ ಪರಮೇಶನೂ ಮೀಸೆಯಡಿ ನಕ್ಕ. "ಜೀವದಾಸೆ ಬುಟ್ಟು ಹತ್ತವ್ನೆ ಮಗ, ತಮಾಷೆನಾ? ನಿಮ್ಮವ್ವನ್ನ ಕೊಡಲ್ಲ ಅಂದಾಗ ನಾನೂ ನೊಣವಿನಕೆರೆಲಿ ನಿಮ್ಮ ತಾತನ ತೋಟದ ಮರ ಹತ್ತಿರ್ಲಿಲ್ವಾ? ಸುಮ್ನೆ ಹ್ಞೂಂ ಅನ್ನು, ಇಳೀಲಿ. ಆಮೇಲ್ ನೋಡನ."

ಆ ಕಥೆ ಊರಿಗೆಲ್ಲ ಬಾಯಿಪಾಠ. ಯಾರ ಮನೆಯಲ್ಲಿ ಮದುವೆಯಾದರೂ ಊಟದ ಪಂಕ್ತಿಯಲ್ಲಿ ಒಮ್ಮೆ ಬಂದುಹೋಗುತ್ತಿತ್ತು. ಮರ ಹತ್ತಿದ್ದು, ಮಾವ ಕೈಮುಗಿದದ್ದು, ಇಳಿದದ್ದು. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಒಳಗೆ ಕೊಬ್ಬರಿ ಸುಲಿಯುತ್ತಿದ್ದ ಗಿರಿಜಾಂಬಿಕಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮಗಳು ಪರೀಕ್ಷೆಗೆ ಓದುತ್ತ ಆ ಕಾದಂಬರಿಯನ್ನು ಅವಳಿಗೂ ಕನ್ನಡದಲ್ಲಿ ಹೇಳಿದ್ದಳು. ಮೊದಲರ್ಧ ಕೇಳುವಾಗ ಅವಳ ಕೈ ಕೊಬ್ಬರಿಯ ಮೇಲೆ ಓಡುತ್ತಿತ್ತು. ಎರಡನೆಯ ಅರ್ಧಕ್ಕೆ ನಿಂತುಬಿಟ್ಟಿತ್ತು.

"ಹೆಂಗೂ ಜನ ಸೇರವ್ರೆ," ಎಂದಳು ಗಂಡನಿಗೆ. "ಉಳಿದರ್ಧಾನೂ ಹೇಳ್ಬುಡ್ರಿ."

"ಎಂಥದೇ ಉಳಿದರ್ಧ?"

"ನಾನು ಟೀಚರ್ ಟ್ರೈನಿಂಗಿಗೆ ಹೋಗ್ತೀನಿ ಅಂದಾಗ ಎಲ್ಲಿಗೆ ಹತ್ತಿದ್ರಿ? ಬಾವಿ ಕಟ್ಟೆಗೆ. ನಮ್ಮಪ್ಪ ಹಾಸಿಗೆ ಹಿಡಿದವ್ರೆ, ನೋಡ್ಕಂಬತ್ತೀನಿ ಅಂದಾಗ? ಆಗ್ಲೂ ಬಾವಿ ಕಟ್ಟೆ. ಇವ್ಳನ್ನ ಕಾಲೇಜಿಗೆ ಸೇರಿಸನ ಅಂದಿದ್ಕೆ ಕೊಟ್ಟಿಗೆ ಹಗ್ಗ ಕಿತ್ಕಂಡು ತೋಟಕ್ಕೆ ಓಡುದ್ರಿ. ಬುಡ್ರೀ ಬುಡ್ರೀ ಅಂತ ಹಿಂದೆ ಓಡಿ, ಬಿದ್ದು, ಹಲ್ಲು ಮುರ್ಕಂಡೋಳು ನಾನು. ಆದ್ರೂ ಇವ್ಳನ್ನ ಸೇರಿಸ್ದೆ. ನೀವು ಸಾಯ್ಲಿಲ್ಲ ಕಣ್ರೀ. ಒಂದ್ಸಲಾನೂ ಸಾಯ್ಲಿಲ್ಲ."

ಅವಳ ಮುರಿದ ಹಲ್ಲನ್ನು ಊರು ದಿನವೂ ನೋಡುತ್ತಿತ್ತು. ಯಾರೂ ಕೇಳಿರಲಿಲ್ಲ. ಒಂದೆರಡು ಫೋನು ಕೆಳಗಿಳಿದವು.

"ಗಾನವೀ! ಹಾರ್ತೀನಿ ನೋಡು!" ಮೇಲಿನಿಂದ ಕೂಗು ಬಂತು.

ಗಿರಿಜಾಂಬಿಕಾ ಕತ್ತೆತ್ತಿದಳು. "ಹತ್ತೋಕೆ ಬಂದೋನಿಗೆ ಇಳಿಯೋಕೂ ಬತ್ತದೆ ಕಣ್ಲಾ! ಕಾಯಿ ಕೀಳೋ ಕರಿಯಪ್ಪಂಗೆ ಹೇಳ್ಕಳ್ಸಿದೀನಿ, ಹಗ್ಗ ತತ್ತಾವ್ನೆ. ಸೊಂಟಕ್ಕೆ ಕಟ್ಟಿಸ್ಕಂಡು ಮರ್ವಾದೆಯಾಗಿ ಇಳಿ. ನನ್ನ ಮಗಳ ಬಾಯಿಂದ ಹ್ಞೂಂ ಬೀಳಲ್ಲ." ಮಗಳ ಕಡೆ ತಿರುಗಿದಳು. "ನಡಿಯೇ, ಬಸ್ ಬತ್ತಾ ಐತೆ. ನಾನೂ ಬತ್ತೀನಿ. ಪರೀಕ್ಷೆ ಮುಗಿಸ್ಕಂಡು ಹಂಗೇ ನೊಣವಿನಕೆರೆ ತವರಿಗೆ ಹೋಗನ."

"ಯಾರ್ನ ಕೇಳಿ ಹೊಂಟೆ?" ಪರಮೇಶ್ ಗದರಿದ.

ಅವಳು ಚಪ್ಪಲಿ ಮೆಟ್ಟಿ ಅಂಗಳ ದಾಟಿದಳು. ತಿರುಗಿ ನೋಡಲಿಲ್ಲ. ಪರಮೇಶನ ಕಾಲುಗಳು ತಾವಾಗಿಯೇ ಬಲಕ್ಕೆ, ಬಾವಿಯ ಕಡೆಗೆ ಹೊರಳಿದವು. ಬಾವಿಯಲ್ಲಿ ನೀರು ಬತ್ತಿ ಎಷ್ಟೋ ಕಾಲವಾಗಿ, ಈಗ ಕಟ್ಟೆಯ ಮಟ್ಟಕ್ಕೂ ತೆಂಗಿನ ಸಿಪ್ಪೆ ತುಂಬಿತ್ತು. ಅವನು ಕಟ್ಟೆ ಹತ್ತಿ ನಿಂತ. "ಗಿರಿಜಾ! ನೋಡು ಮತ್ತೆ!"

ಅಮ್ಮ ಮಗಳಿಬ್ಬರನ್ನೂ ಹತ್ತಿಸಿಕೊಂಡು ಬಸ್ಸು ಹೊರಟಿತು. ಅಷ್ಟರಲ್ಲಿ ಹಗ್ಗ ಹಿಡಿದು ಓಡಿಬಂದ ಕರಿಯಪ್ಪ ಅಂಗಳದಲ್ಲಿ ನಿಂತು, ಮರದ ತುದಿಯನ್ನೊಮ್ಮೆ ನೋಡಿದ, ಬಾವಿ ಕಟ್ಟೆಯನ್ನೊಮ್ಮೆ ನೋಡಿದ.

"ಇರೋದೊಂದೇ ಹಗ್ಗ ಕಣ್ರಪ್ಪ. ಯಾರ್ ಸೊಂಟಕ್ಕೆ ಮೊದ್ಲು ಕಟ್ಲಿ?"