ಒಂದು ಲೀಟರ್ ಪೆಟ್ರೋಲ್

ಪೆಟ್ರೋಲ್ ಮಾರಾಟ ನಿಂತುಹೋದ ಮೇಲೆ ಹಳೆಯ ಕಾರುಗಳಿಗೆ ವರ್ಷಕ್ಕೆ ಒಂದೇ ಲೀಟರ್ ಸಿಗುತ್ತಿತ್ತು. ತೀರಿಹೋದ ಗಂಡನ ಅಮೆರಿಕನ್ ಮಸ್ಟಾಂಗ್ ಕಾರಿನ ಸದ್ದನ್ನು ಮತ್ತೊಮ್ಮೆ ಕೇಳಬೇಕೆಂದು ಬೊಳ್ಳಮ್ಮ ಆ ಕಾರನ್ನು ಮೈಸೂರಿನ ಮೆಕ್ಯಾನಿಕ್ ಇದಾಯತ್‌ನ ಕೈಗೆ ಕೊಟ್ಟಿದ್ದರು. ಅವರು ಬರುವ ಹಿಂದಿನ ದಿನ ಅವನು ಎಂಜಿನ್ ಪರೀಕ್ಷಿಸಿದ. ಅದು ಗುಡುಗಿದ ಮೇಲೆ ಆರಿಸಲು ಮನಸ್ಸೇ ಬರಲಿಲ್ಲ. ಲೀಟರ್ ಪೂರ್ತಿ ಉರಿದುಹೋಯಿತು.

ಬೊಳ್ಳಮ್ಮ ಬಂದಾಗ ಅವನು ಬಚ್ಚಿಟ್ಟ ಸ್ಪೀಕರಿನಲ್ಲಿ ಬೇರೆ ಯಾವುದೋ ಕಾರಿನ ಸದ್ದು ಹಾಕಿದ. ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು.

"ತಪ್ಪಾಯ್ತಮ್ಮಾ. ನಿನ್ನೆ ನಾನೊಬ್ನೇ ಕೇಳ್ಬಿಟ್ಟೆ."

ಬೊಳ್ಳಮ್ಮ ಬಾನೆಟ್ಟಿನಿಂದ ಕೈ ತೆಗೆದರು. ಆಮೇಲೆ ಕಾರಿನೊಳಗೆ ಕೂತು ಪಕ್ಕದ ಸೀಟು ತೋರಿಸಿದರು.

"ಬಾ. ಹೇಗಿತ್ತು ಹೇಳು."

ಇದಾಯತ್ ತಲೆ ಎತ್ತಲಾಗದೆ ಕೂತು, ಚಿಕ್ಕ ಮಕ್ಕಳಂತೆ ಬಾಯಿಂದ ಆ ಸದ್ದು ಮಾಡಿ ತೋರಿಸಿದ.