ಉಡಿ ಒಡ್ಡಲು ಒಂದು ಬಟ್ಟೆ

“ಉಡಿ ಒಡ್ಡವಾ,” ಎಂದು ರತ್ನಾಬಾಯಿ ಅಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲೇ ಅಡ್ಡ ನಿಂತರು. ವಿದೇಶದ ಕೆಂಟನ್ ಊರಿನಲ್ಲಿದ್ದ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಇಲೀನಾ, ಮಡಿಲಾಗಿ ಒಡ್ಡಲು ಸೆರಗಿಲ್ಲದೆ ತನ್ನ ಜೀನ್ಸ್ ನೋಡಿಕೊಂಡಳು. ದೇಶದೇಶಗಳ ಹಾಡಿನ ಸ್ಪರ್ಧೆಗೆ ಅವಳ ಪುಟ್ಟ ದೇಶ ಹೋಗುತ್ತಿರುವುದು ಇದು ಎರಡನೆಯ ಸಲ; ಈ ಸಲ ಹಾಡುವವಳು ಅವಳೇ. ಹೋದ ವರ್ಷ ಅವರಿಗೆ ಯಾರೂ ಒಂದೇ ಒಂದು ಅಂಕವನ್ನೂ ಕೊಟ್ಟಿರಲಿಲ್ಲ.

“ಮಮ್ಮಿ, ಇದು ಲಗ್ನ ಆದವ್ರಿಗಲ್ಲೇನು? ಟ್ಯಾಕ್ಸಿ ವೇಟ್ ಮಾಡಾಕತ್ತೈತಿ,” ಎಂದಳು ಮಗಳು ಅಂಕಿತಾ.

“ಹೆಣ್ಣಮಗಳು ದೂರ ಹೊಂಟಾಳ. ಬರಿ ಉಡಿಲೆ ಕಳಸಾಕ ಬರಂಗಿಲ್ಲ. ಏನರೆ ಬಟ್ಟಿ ತಗಿ ಅನ್ನು ಅಕಿಗೆ.”

ಅಂಕಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಇಲೀನಾ ಸೂಟ್‌ಕೇಸಿನ ತಳದಿಂದ ತನ್ನ ದೇಶದ ಬಾವುಟವನ್ನು ಎಳೆದಳು. ಹೋದ ವರ್ಷದ ಗಾಯಕ ವೇದಿಕೆಯಲ್ಲಿ ಹೊದ್ದಿದ್ದ ಬಾವುಟ ಅದು; ಈ ಸಲ ಅದನ್ನು ಹೊರತೆಗೆಯುವ ಮನಸ್ಸೇ ಅವಳಿಗಿರಲಿಲ್ಲ. ಈಗ ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿ ಒಡ್ಡಿದಳು. ರತ್ನಾಬಾಯಿ ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಇಟ್ಟು, ಮೇಲೊಂದು ಗುಳೇದಗುಡ್ಡದ ಖಣದ ರವಿಕೆ ಬಟ್ಟೆ ಹಾಕಿದರು. ಬಾವುಟ ಭಾರಕ್ಕೆ ಜೋತುಬಿತ್ತು.

“ಇದು ಗೆಲ್ಲಲಿ ಅಂತಾನಾ ಅಂತ ಕೇಳಾಕತ್ತಾಳ,” ಎಂದಳು ಅಂಕಿತಾ.

“ಗೆದ್ರ ಛಲೋನ ಆತು. ಆದ್ರ ಇದು, ತಿರುಗಿ ಮನಿಗೆ ಬರ್ಲಿ ಅಂತ.”

ಹೊರಗೆ ಟ್ಯಾಕ್ಸಿ ಡ್ರೈವರ್ ಸೂಟ್‌ಕೇಸನ್ನು ಡಿಕ್ಕಿಯಲ್ಲಿಟ್ಟು ಅವಳು ಗಂಟು ಕಟ್ಟಿ ಹಿಡಿದಿದ್ದ ಬಾವುಟಕ್ಕೂ ಕೈ ಚಾಚಿದ. ಇಲೀನಾ ಕೊಡಲಿಲ್ಲ. ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

“ಹೋದ ವರ್ಷ ಇದು ಖಾಲಿ ಬಂದಿತ್ತು,” ಎಂದಳು ಡ್ರೈವರ್‌ಗೆ.