ಬಾಗಿಲು ಬಿಟ್ಟ ಹೆಸರು

ಬಾಗಿಲಿಗೆ ಮಾತು ಕಲಿಸುವ ಕಂಪ್ಯೂಟರ್ ಕೋಡನ್ನು ಆಯಾ ಮನೆಯವರೇ ಬರೆದುಕೊಳ್ಳಬೇಕಾದ ಕಾಲವದು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹೊಸಬರು ಬರೆದ ಕೋಡಿನ ತಪ್ಪು ತಿದ್ದಿ ತಿದ್ದಿಯೇ ಪಾಲಾಕ್ಷಪ್ಪನ ತಲೆ ನರೆತಿತ್ತು.

ಆ ಸಂಜೆ ಅವನನ್ನು ಕರೆಸಿದವಳು ಕೊಟ್ರಮ್ಮ. "ಆರು ಗಂಟೆಗೆ ಮಕ್ಕಳನ್ನ ಒಳಗೆ ಕರೀತೈತಲ್ಲಣ್ಣ ಬಾಗ್ಲು, ಶೋಭಾನ್ನ ಎರಡೆರಡು ಸಲ ಕರೀತೈತಿ," ಎಂದಳು.

ಒಂದೇ ಸಾಲು ಎರಡು ಕಡೆ ಇತ್ತು, ಪಾಲಾಕ್ಷಪ್ಪ ಒಂದನ್ನು ಅಳಿಸಿದ. ಹಾಗೇ ಕಣ್ಣಾಡಿಸುವಾಗ ಇನ್ನೊಂದು ತಪ್ಪು ಸಿಕ್ಕಿತು. ಪಟ್ಟಿಯಲ್ಲಿ ಮೂರು ಹೆಸರಿದ್ದವು. ಕೋಡಿನಲ್ಲಿ ಸೊನ್ನೆಯಿಂದ ಶುರುವಾಗಬೇಕಾದ ಎಣಿಕೆ ಒಂದರಿಂದ ಶುರುವಾಗಿ, ಮೊದಲ ಹೆಸರೇ ಬಿಟ್ಟುಹೋಗುತ್ತಿತ್ತು. ಹೊಸಬರೆಲ್ಲ ಮಾಡುವ ತಪ್ಪೇ ಎಂದು ಒಳಗೊಳಗೇ ನಕ್ಕು, ಕೇಳದೆಯೇ ತಿದ್ದಿಬಿಟ್ಟ.

ಆರು ಹೊಡೆಯಿತು. ಬಾಗಿಲು ಕೊಟ್ರಮ್ಮನದೇ ದನಿಯಲ್ಲಿ ಕೂಗಿತು: "ಗುರುಶಾಂತಾ, ಕತ್ತಲಾತು, ಬಾರಪ್ಪ."

ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ಇಬ್ಬರು ಹುಡುಗಿಯರು ನಿಂತಲ್ಲೇ ನಿಂತರು. ಕೊಟ್ರಮ್ಮ ಹೊಸ್ತಿಲ ಮೇಲೆ ಕೂತಳು.

"ಅದು ತಪ್ಪಲ್ಲಣ್ಣ. ಹೋದ ವರ್ಷ ಕೆರೆ ಪಾಲಾದ ನನ್ನ ಹಿರೇ ಮಗ. ಹೆಸರು ಅಳಿಸಾಕೆ ಕೈ ಬರ್ಲಿಲ್ಲ. ಅದಕ್ಕೇ ಒಂದರಿಂದ ಎಣಿಸಿದ್ದೆ."

ಯಾರೂ ಓಗೊಡದಿದ್ದರೆ ಬಾಗಿಲು ಮತ್ತೆ ಕರೆಯುತ್ತದೆಂದು ಪಾಲಾಕ್ಷಪ್ಪನಿಗೆ ಗೊತ್ತು. "ಈಗ್ಲೇ ಮೊದಲಿನಂಗೆ ಮಾಡ್ತೀನವ್ವ," ಎನ್ನುತ್ತ ಬಾಗಿಲ ಪಕ್ಕದ ಕೀಲಿಮಣೆಗೆ ಕೈ ಹಾಕಿದ.

ಕೊಟ್ರಮ್ಮ ಅವನ ಮುಂಗೈ ಹಿಡಿದಳು.

"ತಡೀರಣ್ಣ. ಇನ್ನೊಂದು ಸಲ ಕರೀಲಿ."